ಅಪ್ಪ ಪುಣೆಯಲ್ಲಿ, ಅಮ್ಮ ಧಾರವಾಡದಲ್ಲಿ

ಮಕ್ಕಳೇ, ನಿಮ್ಮ ಪಕ್ಕದ ಬೆಂಚಿನ ಗೆಳತಿಯ ಅಪ್ಪ ಅಮ್ಮ ಬೇರೆಯಾಗಿದ್ದಾರೆ ಎಂದುಕೊಳ್ಳಿ. ಅವಳು ಅಮ್ಮನ ಜೊತೆ ಧಾರವಾಡದಲ್ಲಿ, ಅಪ್ಪ ದೂರದ ಪುಣೆಯಲ್ಲಿ. ಅವಳ ಮನಸ್ಸಿನಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಅಪ್ಪನನ್ನು ನೋಡುವುದು ಯಾವಾಗ? ನನ್ನ ಶಾಲೆಯ ಫೀಸು ಕಟ್ಟುವವರು ಯಾರು?

ಮೊದಲ ಪ್ರಶ್ನೆಗೆ ಸುಪ್ರೀಂ ಕೋರ್ಟು 2020ರ ಜನವರಿಯ ಒಂದು ತೀರ್ಪಿನಲ್ಲಿ ದಾರಿ ತೋರಿಸಿದೆ. ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು. ಅವರು ಬೇರೆ ಬೇರೆ ರಾಜ್ಯಗಳಲ್ಲಿದ್ದರೆ ಪದೇ ಪದೇ ಓಡಾಡಿಸಿ ಮಗುವಿನ ಓದು ಕೆಡಿಸಬಾರದು. ಸಾಲು ರಜೆಗಳಲ್ಲಿ ಭೇಟಿಯಾಗಲಿ. ನಮ್ಮಲ್ಲಾದರೆ ದಸರೆ, ಬೇಸಿಗೆ ರಜೆ ಇವೆಯಲ್ಲ! ಉಳಿದಂತೆ, ವಿಶೇಷ ಕಾರಣವಿಲ್ಲದಿದ್ದರೆ, ದಿನವೂ ಐದು-ಹತ್ತು ನಿಮಿಷ ಮಾತು. ವಿಡಿಯೊ ಕರೆಯಾದರೆ ಇನ್ನೂ ಒಳ್ಳೆಯದು.

ಎರಡನೆಯದು ಜೀವನಾಂಶ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಪ್ರಕಾರ ಮಗುವನ್ನು ಸಾಕುವ ಹೊಣೆಯಿಂದ ಅಪ್ಪ ತಪ್ಪಿಸಿಕೊಂಡರೆ ಕೋರ್ಟಿಗೆ ಹೋಗಬಹುದು. ಅದಕ್ಕಾಗಿ ಅಮ್ಮ ಪುಣೆಗೆ ಅಲೆಯಬೇಕಿಲ್ಲ. ಧಾರವಾಡದಲ್ಲೇ ಅರ್ಜಿ ಹಾಕಬಹುದು. ಇಲ್ಲಿ ಆದ ಆದೇಶವನ್ನು ಪುಣೆಯಲ್ಲೂ ಜಾರಿ ಮಾಡಿಸಬಹುದು.

ಜಗಳ ಹುಟ್ಟುವುದು ಇವೆರಡನ್ನೂ ಗಂಟು ಹಾಕಿದಾಗ. 'ದುಡ್ಡು ಬಂದಿಲ್ಲ, ಮಗುವನ್ನು ಕಳಿಸೋದಿಲ್ಲ' ಎಂದು ಇವರು. 'ಮಗುವನ್ನು ತೋರಿಸಲಿಲ್ಲ, ದುಡ್ಡು ಕೊಡೋದಿಲ್ಲ' ಎಂದು ಅವರು. ಫೀಸೂ ಮಗುವಿನದೇ, ಭೇಟಿಯೂ ಮಗುವಿನದೇ. ಒಂದನ್ನು ಒತ್ತೆಯಿಟ್ಟು ಇನ್ನೊಂದನ್ನು ಕೇಳಿದರೆ ಎರಡು ಸಲ ಸೋಲುವುದು ಆ ಮಗುವೇ. ತಕರಾರಿದ್ದರೆ ದೊಡ್ಡವರು ಕೋರ್ಟಿನಲ್ಲೇ ಹೇಳಿಕೊಳ್ಳಲಿ.

ಅಜ್ಜ ಅಜ್ಜಿಯರೇ, ಇಲ್ಲಿ ನಿಮ್ಮ ಕೆಲಸ ದೊಡ್ಡದು. ಪುಣೆಯಿಂದ ಫೋನು ಬಂದಾಗ ಟಿವಿ ಸದ್ದು ಕಡಿಮೆ ಮಾಡಿ. ಮಾತು ಮುಗಿದ ಮೇಲೆ 'ಏನಂದ ನಿಮ್ಮಪ್ಪ?' ಎಂದು ಕೆದಕಬೇಡಿ. ದುಡ್ಡಿನ ಮಾತನ್ನು ಮಗುವಿನ ಬಾಯಲ್ಲಿ ಹೇಳಿ ಕಳಿಸಬೇಡಿ. ರಜೆಗೆ ಮೊದಲೇ ಯಾರು ಬಿಟ್ಟುಬರುವುದು, ಯಾವ ದಿನ ಯಾರು ಕರೆತರುವುದು ಎಂದು ಇಬ್ಬರಿಂದಲೂ ಬರೆಸಿಡಿ. ಹೊರಡುವಾಗ ಮೊಮ್ಮಗಳ ಕೈಗೆ ಚಕ್ಕುಲಿ ಡಬ್ಬಿ ಕೊಟ್ಟು, ನಗುನಗುತ್ತಾ ಕಳಿಸಿ.

ಮಕ್ಕಳೇ, ಅಪ್ಪ ಅಮ್ಮ ಬೇರೆಯಾದದ್ದು ನಿಮ್ಮ ತಪ್ಪಿನಿಂದಲ್ಲ. ಅಪ್ಪನನ್ನು ನೆನೆದರೆ ಅಮ್ಮನಿಗೆ ಮೋಸ ಮಾಡಿದಂತೆಯೂ ಅಲ್ಲ. ಯಾರ ಬಳಿಗಾದರೂ ಹೋಗಲು ಭಯವಾದರೆ ಮಾತ್ರ ಮುಚ್ಚಿಡಬೇಡಿ. ನಂಬಿಕೆಯ ಟೀಚರಿಗೆ ಹೇಳಿ, ಇಲ್ಲವೇ 1098ಕ್ಕೆ ಫೋನು ಮಾಡಿ. ಇನ್ನು, ರಜೆ ಮುಗಿಸಿ ಬಂದ ಗೆಳತಿಯನ್ನು ತರಗತಿಯಲ್ಲಿ ಎಲ್ಲರೆದುರು ಪ್ರಶ್ನಿಸಬೇಡಿ. 'ಬಾ, ಆಡೋಣ' ಎಂದರೆ ಸಾಕು.