ಎರಡು ದಿನದ ಟ್ಯೂಬು



ಮಳೆಗಾಲದಲ್ಲಿ ನಮ್ಮ ಕೋಟದ ಕಡೆ ಬಟ್ಟೆ ಒಣಗಿಸುವುದೆಂದರೆ ದೊಡ್ಡ ರಾಮಾಯಣ. ಅರೆಬರೆ ಒಣಗಿದ ಲಂಗವನ್ನೇ ಉಟ್ಟು, ಲಾಡಿ ಬಿಗಿದು, ಒಲೆಯ ಮುಂದೆ ಬೆವರುವವರು ನಾವು. ಕಳೆದ ಆಷಾಢದಲ್ಲಿ ಲಾಡಿ ಕಟ್ಟುವ ಜಾಗದಲ್ಲೇ ನನಗೆ ರೂಪಾಯಿಯಗಲದ ಕೆಂಪು ಉಂಗುರವೊಂದು ಎದ್ದಿತು. ಗಜಕರ್ಣ! ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಕೊನೆಗೆ ಪಕ್ಕದ ಮನೆಯ ಅಕ್ಕನೇ ಪತ್ತೆ ಹಚ್ಚಿ, "ಎಂತ ಮಾರಾಯ್ತಿ, ಇದ್ಕೆಲ್ಲಾ ಡಾಕ್ಟ್ರತ್ರ ಹೋಯ್ಕಾ? ಅಂಗ್ಡಿಯಗೆ ಟ್ಯೂಬ್ ಸಿಕ್ಕತ್ತ್, ಎರಡೇ ದಿನ" ಎಂದರು.

ಎರಡೇ ದಿನದಲ್ಲಿ ತುರಿಕೆ ನಿಂತದ್ದು ನಿಜ. ಹಚ್ಚುವುದನ್ನು ಬಿಟ್ಟ ವಾರಕ್ಕೆ ಉಂಗುರ ಅಂಗೈಯಗಲವಾಯಿತು. ಮತ್ತೆ ಟ್ಯೂಬು, ಮತ್ತೆ ಶಮನ. ಇವರಿಗೂ ಹತ್ತಿತು, ಅವರೂ ಅದನ್ನೇ ಹಚ್ಚಿದರು. ಇಷ್ಟೇ ಆಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಅದನ್ನು ಹಚ್ಚಿದರೆ ಮುಖ ಬೆಳ್ಳಗಾಗುತ್ತದೆಂದು ಗೆಳತಿಯಿಂದ ಕೇಳಿ ಕಾಲೇಜಿಗೆ ಹೋಗುವ ಮಗಳು ಎರಡು ತಿಂಗಳು ಕದ್ದು ಹಚ್ಚಿದ್ದಳು. ಬೆಳ್ಳಗಾದದ್ದೂ ಹೌದು, ನಾನೇ ಹೊಗಳಿದ್ದೆ! ಬಿಟ್ಟದ್ದೇ ತಡ, ಮುಖವೆಲ್ಲ ಉರಿ, ಕೆಂಪು, ಮೊಡವೆ, ಕೆನ್ನೆಯ ಮೇಲೆ ನವಿರು ಕೂದಲು. ಕನ್ನಡಿಗೆ ಬಟ್ಟೆ ಹೊದೆಸಿ ಕೂತಳು.

ಮಣಿಪಾಲದಲ್ಲಿ ಚರ್ಮದ ಡಾಕ್ಟರು ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿಸಿದರು. ಒಂದೇ ಮುಲಾಮಿನಲ್ಲಿ ಮೂರು ಔಷಧಿ: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಾಕ್ಕೊಂದು, ಜೊತೆಗೆ ಕ್ಲೊಬೆಟಸಾಲ್ ಎಂಬ ಬಲವಾದ ಸ್ಟೀರಾಯ್ಡು. ಗಜಕರ್ಣವೆಂದರೆ ನಮ್ಮ ಉಪ್ಪಿನಕಾಯಿಯ ಮೇಲೆ ಏಳುವ ಬೂಸ್ಟಿನ ಜಾತಿಯದೇ. ಸ್ಟೀರಾಯ್ಡು ತುರಿಕೆಯನ್ನೂ ಕೆಂಪನ್ನೂ ಅಡಗಿಸುತ್ತದೆ, ಆದರೆ ಚರ್ಮದ ಕಾವಲನ್ನೂ ಕುಗ್ಗಿಸುತ್ತದೆ. ಬೂಸ್ಟು ಸದ್ದಿಲ್ಲದೆ ಹಬ್ಬುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹಾಗೆ ಅಭ್ಯಾಸವಾದ ಮೇಲೆ ಬಿಡುವುದನ್ನೂ ಡಾಕ್ಟರನ್ನು ಕೇಳಿಯೇ ಬಿಡಬೇಕಂತೆ.

ಇಂಥ 14 ಸ್ಟೀರಾಯ್ಡುಗಳ ಮುಲಾಮನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ನಮಗೆ ಕೊಟ್ಟವರು ಚೀಟಿ ಕೇಳಲಿಲ್ಲ, ನಾವೂ ತೋರಿಸಲಿಲ್ಲ. ಸಾಮಾನ್ಯ ಔಷಧಿಗೆ ಬಗ್ಗದ ಗಜಕರ್ಣವೂ ಈಗ ಹುಟ್ಟಿಕೊಂಡಿದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರಿನಲ್ಲಿ ನಮ್ಮ ದೇಶದ ಹೆಸರೇ ಸೇರಿದೆ: ಇಂಡೋಟಿನಿಯೆ. ಅದು ನ್ಯೂಯಾರ್ಕಿನಲ್ಲೂ ಕಾಣಿಸಿಕೊಂಡದ್ದು 2023ರಲ್ಲಿ ವರದಿಯಾಯಿತು. ಎಂಥ ಕೀರ್ತಿ ನೋಡಿ!

ಹಾಗೆಂದು ಸ್ಟೀರಾಯ್ಡು ವಿಷವಲ್ಲ. ನಮ್ಮತ್ತೆಯವರ ಕಾಲಿನ ಇಸುಬಿಗೆ ಅದೇ ಡಾಕ್ಟರು ಅದನ್ನೇ ಕೊಟ್ಟರು, ಇಷ್ಟು ದಿನ, ಇಷ್ಟೇ ಎಂದು. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಎರಡು ಅಂಗೈಯಗಲದ ಜಾಗಕ್ಕೆ ಸಾಕು.

ನಮ್ಮಿಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಯಿತು. ಉಂಗುರ ಮಾಯವಾದ ಮೇಲೂ ಹೇಳಿದಷ್ಟು ವಾರ ಬಿಡದೆ ಹಚ್ಚಿದೆವು. ಬೈರಾಸು ಎಲ್ಲರಿಗೂ ಬೇರೆಬೇರೆ. ಒಳಬಟ್ಟೆಗಳನ್ನು ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಒಣಹಾಕಿ, ತೇವ ಉಳಿದರೆ ಇಸ್ತ್ರಿ ಹಾಕುತ್ತೇನೆ. ಲಾಡಿಯನ್ನೂ ಅಷ್ಟು ಬಿಗಿಯುವುದಿಲ್ಲ.

ಮಗಳ ಮುಖ ತಿಳಿಯಾಗಲು ತಿಂಗಳುಗಳೇ ಹಿಡಿದವು. ಜನವರಿಯಲ್ಲಿ ಸಾಲಿಗ್ರಾಮದ ಹಬ್ಬಕ್ಕೆ ಹೊರಟಾಗ ಮುಖಕ್ಕೆ ಶಾಲು ಮುಚ್ಚಿಕೊಳ್ಳಲಿಲ್ಲ. ಬಳೆಯಂಗಡಿಯ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತೂ ಬಂದಳು.