ಮೌಸ್ ಅಲ್ಲಾಡದಿದ್ದರೆ ಕೆಲಸ ಇಲ್ಲವೇ?

ಮಳೆಗಾಲದಲ್ಲಿ ಸುಬ್ರಹ್ಮಣ್ಯದ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬೆಳಗ್ಗಿನಿಂದ ಒಂದು ಬಗ್‌ನ ಬೆನ್ನುಬಿದ್ದು ಮಧ್ಯಾಹ್ನಕ್ಕೆ ಹಿಡಿದೆ. ಸಂಜೆ ಬಂದ ರಿಪೋರ್ಟಿನಲ್ಲಿ ಮಾತ್ರ ‘ಮೂರು ಗಂಟೆ ನಿಷ್ಕ್ರಿಯ’! ಲ್ಯಾಪ್‌ಟಾಪಿನಲ್ಲಿ ಕೂರಿಸಿದ್ದ ನಿಗಾ ಸಾಫ್ಟ್‌ವೇರ್ ಮೌಸ್ ಎಣಿಸುತ್ತಿತ್ತಂತೆ. ಎಣಿಸಲಿ ಮಾರಾಯ್ರೇ, ಆದರೆ ಆ ಮೂರು ಗಂಟೆಯೂ ನನ್ನ ಕೈ ಮೌಸ್ ಮೇಲೇ ಇತ್ತಲ್ಲ! ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ಸಿಸ್ಟಮ್ ತಪ್ಪು ಹೇಳಲ್ಲ.’

ಹೇಳುತ್ತೆ ಸ್ವಾಮೀ. ವಿಂಡೋಸಿನಲ್ಲಿ ಹೀಗೆ ಎಣಿಸುವ ಒಂದು ದಾರಿ ಹುಕ್, ಅಂದರೆ ಕೊಕ್ಕೆ. ಮೌಸ್ ಸರಿದಾಗಲೆಲ್ಲ ವಿಂಡೋಸ್ ಮೊದಲು ಹುಕ್ ಹಾಕಿದ ಪ್ರೋಗ್ರಾಮಿನ ಕಾಲ್‌ಬ್ಯಾಕನ್ನು ಕರೆದು ಉತ್ತರಕ್ಕೆ ಕಾಯುತ್ತದೆ. ವಿಂಡೋಸ್ 10ರ 1709 ಆವೃತ್ತಿಯಿಂದೀಚೆಗೆ ಕಾಯುವುದು ಹೆಚ್ಚೆಂದರೆ 1000 ಮಿಲಿಸೆಕೆಂಡ್. ತಡವಾದರೆ ಕೊಕ್ಕೆಯನ್ನೇ ಸದ್ದಿಲ್ಲದೆ ಕಿತ್ತುಹಾಕಬಹುದು. ವಿಂಡೋಸ್ 7ರಿಂದಲೂ ಇದೇ ಪದ್ಧತಿ. ಎರರ್ ಇಲ್ಲ, ಪ್ರೋಗ್ರಾಮಿಗೆ ಸುದ್ದಿಯೂ ಇಲ್ಲ.

ನಾನೇ ಚಿಕ್ಕ ಪ್ರೋಗ್ರಾಮ್ ಬರೆದು ಕಾಲ್‌ಬ್ಯಾಕಿನೊಳಗೆ ಎರಡು ಸೆಕೆಂಡ್ ಸ್ಲೀಪ್ ಹಾಕಿ ನೋಡಿದೆ. ಸ್ವಲ್ಪ ಹೊತ್ತಿಗೆ ಎಣಿಕೆ ನಿಂತೇಹೋಯಿತು. ಪ್ರೋಗ್ರಾಮ್ ಮಾತ್ರ ಜೀವಂತ! ಕಾಲ್‌ಬ್ಯಾಕಿನೊಳಗೇ ಫೈಲ್ ಬರೆಯುವ, ಸರ್ವರಿಗೆ ಕಳಿಸುವ ಯಾವ ನಿಗಾ ಸಾಫ್ಟ್‌ವೇರಿಗೂ ಈ ಗತಿ ಬರಬಹುದು. ನನ್ನ ಮೂರು ಗಂಟೆಯೂ ಹೀಗೇ ಹೋಗಿರಬೇಕೆಂದು ನನ್ನ ಅನುಮಾನ.

ಪರಿಹಾರ ಕಷ್ಟವೇನಲ್ಲ. ಹುಕ್ಕಿಗೆ ಬೇರೆಯೇ ಥ್ರೆಡ್, ಅದಕ್ಕೊಂದು ಮೆಸೇಜ್ ಲೂಪ್ ಕೊಡಿ. ಕಾಲ್‌ಬ್ಯಾಕಿನಲ್ಲಿ ಈವೆಂಟನ್ನು ಕ್ಯೂಗೆ ಹಾಕಿ ತಕ್ಷಣ ಹೊರಬನ್ನಿ. ಉಳಿದದ್ದನ್ನು ಇನ್ನೊಂದು ಥ್ರೆಡ್ ನೋಡಿಕೊಳ್ಳಲಿ. ಬರೀ ಎಣಿಸಲಿಕ್ಕಾದರೆ ರಾ ಇನ್‌ಪುಟ್ ಸಾಕು. ಆಗಾಗ ಕರ್ಸರ್ ಎಲ್ಲಿದೆ ಅಂತ ಕೇಳಿ ನೋಡಿ: ಅದು ಸರಿದಿದೆ, ಹುಕ್ಕಿಗೆ ಏನೂ ಕೇಳಿಸಿಲ್ಲ ಅಂದರೆ ಕೊಕ್ಕೆ ಬಿದ್ದಿದೆ ಅಂತಲೇ ಅನುಮಾನಿಸಿ.

‘ಕಳ್ಳಾಟ ಆಡುವವರಿಲ್ಲವೇ?’ ಅಂತೀರಿ. ಇದ್ದಾರೆ. ಕೀಬೋರ್ಡ್ ಚಟುವಟಿಕೆ ನಕಲು ಮಾಡಿದ ಆರೋಪದ ಮೇಲೆ 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ಆದರೆ ಯೋಚಿಸಿ, ಅಲ್ಲಾಟವನ್ನೇ ಕೆಲಸ ಅಂತ ಎಣಿಸಿದ ಮೇಲೆ ಜನ ಅಲ್ಲಾಟವನ್ನೇ ಮಾರುತ್ತಾರೆ. ಮೌಸನ್ನು ಅಲ್ಲಾಡಿಸುವ ಯಂತ್ರದ ಮೇಲಿಟ್ಟರೆ ಹುಕ್ಕಿಗೆ ಅದೂ ಕೈಯೇ. ಅದೇ, ಎರಡೂ ಕೈ ತಲೆ ಮೇಲಿಟ್ಟು ಕೋಡ್ ದಿಟ್ಟಿಸುತ್ತಾ ಕೂತವನು ಸೋಮಾರಿ! ನಾನು ಹಿಡಿದ ದೊಡ್ಡ ಬಗ್‌ಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಹಾಗೆ ಕೂತಾಗಲೇ.

ಅದಕ್ಕೇ ಮ್ಯಾನೇಜರುಗಳೇ, ಮುಗಿದ ಕೆಲಸ ನೋಡಿ. ಎಣಿಸಲೇಬೇಕು ಅಂತಿದ್ದರೆ ‘ನಿಷ್ಕ್ರಿಯ’ ಅಂತ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿ: ಸುಮ್ಮನಿದ್ದದ್ದು ಮನುಷ್ಯನೋ, ನಿಮ್ಮ ಕೊಕ್ಕೆಯೋ?