ಉಪ್ಪುಗಾಳಿಯೂ ಬೈಸಿಕಲ್ಲೂ

ಮಳೆಗಾಲ ಬಂದಿತೆಂದರೆ ಕರಾವಳಿಯ ಅಡುಗೆಮನೆಗಳಲ್ಲಿ ಭರಣಿಯ ಉಪ್ಪು ಬೆವರತೊಡಗುತ್ತದೆ. ಹರಳುಗಳು ಒದ್ದೆಯಾಗಿ ತಳದಲ್ಲಿ ನೀರು ನಿಲ್ಲುವುದನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು. ಅದೇ ವ್ಯಾಪಾರವು ಜಗಲಿಯಲ್ಲಿ ಒರಗಿಸಿಟ್ಟ ಬೈಸಿಕಲ್ಲಿನ ಮೇಲೂ ನಡೆಯುತ್ತಿರುತ್ತದೆಂಬುದು ಮಾತ್ರ ಮನೆಯ ಯಜಮಾನರ ಗಮನಕ್ಕೆ ಬರುವುದಿಲ್ಲ. ಬರುವ ವೇಳೆಗೆ ಹ್ಯಾಂಡಲ್ಲಿನ ಹೊಳಪಿನ ಮೇಲೆ ಕಂದುಬಣ್ಣದ ಚುಕ್ಕೆಗಳು ಮೂಡಿರುತ್ತವೆ.

ತೆರೆಗಳು ಒಡೆದಾಗ ಸಿಡಿಯುವ ಹನಿಗಳಲ್ಲಿ ಅತಿ ಸೂಕ್ಷ್ಮವಾದವು ಗಾಳಿಯೊಡನೆ ಊರೊಳಗೆ ಬರುತ್ತವೆ. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಮು ಲವಣವಿದೆ. ನೀರು ಆರಿದರೂ ಲವಣವು ಲೋಹದ ಮೇಲೆ ಕುಳಿತೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 75ನ್ನು ದಾಟಿದರೆ ಅಡುಗೆಯ ಉಪ್ಪು ತಾನಾಗಿ ನೀರಾಗುತ್ತದೆ. ಕಡಲ ಲವಣದಲ್ಲಿ ಮೆಗ್ನೀಸಿಯಮ್ ಕ್ಲೋರೈಡೂ ಸೇರಿರುವುದರಿಂದ ಅದಕ್ಕೆ ಅಷ್ಟು ತೇವವೂ ಬೇಕಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಆಮ್ಲಜನಕವೂ ಸಾಕು. ಆದರೆ ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಆ ಕೆಲಸ ಬಹು ಬೇಗ ಸಾಗುತ್ತದೆ. ಮಲ್ಪೆಯ ಅಥವಾ ಪಣಂಬೂರಿನ ತೀರದಲ್ಲಿರುವ ಬೈಸಿಕಲ್ಲಿಗೂ ಐದಾರು ಕಿಲೋಮೀಟರು ಒಳಗಿರುವುದಕ್ಕೂ ಆಯುಷ್ಯದಲ್ಲಿ ಅಂತರ ಬೀಳುವುದು ಇದರಿಂದ.

ಬಯಲುಸೀಮೆಯಿಂದ ವರ್ಗವಾಗಿ ಬಂದ ಸಂಸಾರಗಳು ಮೊದಲು ಹೂಡುವ ಉಪಾಯವೆಂದರೆ ಬೈಸಿಕಲ್ಲನ್ನು ಸೂರಿನ ಕೆಳಗಿಟ್ಟು ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುವುದು. ಉದ್ದೇಶ ಒಳ್ಳೆಯದು, ಫಲ ಮಾತ್ರ ವಿಪರೀತ. ಮಳೆಯ ನೀರು ಸಿಹಿನೀರು. ಬಯಲಿನಲ್ಲಿರುವ ಲೋಹದ ಉಪ್ಪನ್ನು ಅದು ತೊಳೆದುಹಾಕುತ್ತದೆ. ಸೂರಿನ ಕೆಳಗಾದರೋ ಉಪ್ಪುಗಾಳಿಗೆ ಪ್ರವೇಶವುಂಟು, ಮಳೆಗೆ ಇಲ್ಲ. ಹೊದಿಕೆಯೊಳಗಿನ ತೇವ ಆರಲು ದಾರಿಯೂ ಇಲ್ಲ. ಹೊಸ ಬೈಸಿಕಲ್ಲಿಗೆ ಸುತ್ತಿ ಬಂದ ಪ್ಲಾಸ್ಟಿಕ್ಕನ್ನು, ಬಣ್ಣ ಮಾಸೀತೆಂದು, ವರ್ಷಗಟ್ಟಲೆ ಬಿಚ್ಚದಿರುವ ಅಕ್ಕರೆಯೂ ಇಂಥದೇ. ಹಾಗೆಂದು ಬೈಸಿಕಲ್ಲನ್ನು ಮಳೆಯಲ್ಲಿ ನಿಲ್ಲಿಸಬೇಕೆಂದಲ್ಲ. ಮಳೆ ಮಾಡುವ ಕೆಲಸವನ್ನು ಮನೆಯವರೇ ಮಾಡಬೇಕೆಂದು ತಾತ್ಪರ್ಯ.

ವಾರಕ್ಕೊಮ್ಮೆ, ಮಕ್ಕಳು ಮರಳದಂಡೆಯ ಮೇಲೆ ಸವಾರಿ ಮಾಡಿ ಬಂದರೆ ಅಂದೇ, ಒಂದು ಬಕೆಟ್ಟು ಸಿಹಿನೀರಿನಿಂದ ತೊಳೆಯಬೇಕು. ಸಿಹಿನೀರೆಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ತೀರದ ಬಾವಿಗಳ ನೀರು ಬೇಸಗೆಯಲ್ಲಿ ಸವುಳಾಗುವುದುಂಟು. ರಭಸದ ನೀರು ಹಾಯಿಸಿದರೆ ಅದು ಗಾಲಿಯ ಹಬ್ಬಿನೊಳಕ್ಕೆ ನುಗ್ಗಿ ಗುಂಡುಗಳ ಗ್ರೀಸನ್ನು ಕೆಡಿಸುತ್ತದೆ. ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆಯೇ ಎಣ್ಣೆಯ ಸರದಿ. ತೊಳೆಯದೆ ಎಣ್ಣೆ ಹಚ್ಚಿದರೆ ಉಪ್ಪನ್ನು ಅದರಡಿಯಲ್ಲಿ ಬಚ್ಚಿಟ್ಟಂತಾಗುತ್ತದೆ. ಚೈನಿಗೆ ಹೊಲಿಗೆಯಂತ್ರದ ಎಣ್ಣೆಯಾದರೂ ಸರಿಯೇ. ಕೊಂಡಿಕೊಂಡಿಗೂ ಬಿಟ್ಟು, ಹೆಚ್ಚಾದುದನ್ನು ಒರೆಸಿ ತೆಗೆಯಬೇಕು. ತೆಂಗಿನೆಣ್ಣೆ ತಲೆಗೂ ಒಗ್ಗರಣೆಗೂ ಮೀಸಲಾಗಿರಲಿ. ಚೈನಿನ ಮೇಲೆ ಅದು ಧೂಳಿನೊಡನೆ ಸೇರಿ ಅಂಟಾಗುತ್ತದೆ. ಹ್ಯಾಂಡಲ್ಲಿನ ಚುಕ್ಕೆಗಳನ್ನು ಉಪ್ಪುಕಾಗದದಿಂದ ಉಜ್ಜಿದರೆ ಕ್ರೋಮಿಯಮ್ಮಿನ ತೆಳುವಾದ ಲೇಪವೇ ಕಿತ್ತುಬರುತ್ತದೆ. ಅಲ್ಯೂಮಿನಿಯಮ್ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲನೆ ಉಜ್ಜುವುದು ಮೇಲು.

ಕಣ್ಣಿಗೆ ಕಾಣುವ ತುಕ್ಕು ಅಂದವನ್ನಷ್ಟೇ ಕೆಡಿಸುತ್ತದೆ, ಕಾಣದುದು ಹಾಗಲ್ಲ. ಸೀಟಿನ ಕಂಬ ಅಲ್ಯೂಮಿನಿಯಮಿನದಾಗಿ ಚೌಕಟ್ಟು ಉಕ್ಕಿನದಾಗಿದ್ದರೆ, ಉಪ್ಪಿನ ತೇವದಲ್ಲಿ ಎರಡೂ ಕಚ್ಚಿಕೊಂಡುಬಿಡುತ್ತವೆ. ಮಗ ವರ್ಷವರ್ಷಕ್ಕೆ ಬೆಳೆಯುತ್ತಾನೆ, ಸೀಟು ಮೇಲೇಳುವುದಿಲ್ಲ. ವರ್ಷಕ್ಕೆ ಎರಡು ಸಲವಾದರೂ ಕಂಬವನ್ನು ಹೊರಗೆಳೆದು, ಬೈಸಿಕಲ್ಲನ್ನು ಬೋರಲು ಹಾಕಿ ಕೊಳವೆಯೊಳಗಿನ ನೀರನ್ನು ಬಸಿದು, ಗ್ರೀಸು ಹಚ್ಚಿ ಕೂರಿಸಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಬ್ರೇಕಿನ ತಂತಿಯ ವಿಷಯದಲ್ಲಿ. ಹೊರಗಿನ ಕವಚ ಹೊಸದರಂತೆ ಕಾಣುತ್ತಿದ್ದರೂ ಒಳಗಿನ ಉಕ್ಕಿನ ಎಳೆಗಳು ಒಂದೊಂದಾಗಿ ಸವೆದಿರಬಹುದು. ಮಂಗಳೂರಿನಂಥ ಏರುತಗ್ಗುಗಳ ಊರಿನಲ್ಲಿ ಶಾಲೆಯ ದಾರಿಗೆ ಒಂದಾದರೂ ಇಳಿಜಾರಿರುತ್ತದೆ. ತಂತಿ ತುಂಡಾಗುವುದು ಅದನ್ನು ಬಲವಾಗಿ ಎಳೆದಾಗಲೇ, ಎಂದರೆ ಆ ಇಳಿಜಾರಿನಲ್ಲಿಯೇ. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ, ಓವರಾಲ್ ಮಾಡಿಸುವಾಗ ತಂತಿಯನ್ನು ಕವಚದಿಂದ ಹೊರಗೆಳೆದು ತೋರಿಸುವಂತೆ ರಿಪೇರಿಯವನಿಗೆ ಹೇಳಬೇಕು. ಮಳೆಗಾಲದ ನಡುವೆ ಪರೀಕ್ಷಿಸುವ ಸುಲಭೋಪಾಯವೊಂದಿದೆ: ಬ್ರೇಕಿನ ಹಿಡಿಯನ್ನು ಒತ್ತಿ ಬಿಟ್ಟಾಗ ಅದು ಥಟ್ಟನೆ ಸ್ವಸ್ಥಾನಕ್ಕೆ ಮರಳಬೇಕು. ತಡವರಿಸಿದರೆ, ಹೊಸ ತಂತಿ ಹಾಕಿಸುವವರೆಗೆ ಮಗು ನಡೆದೇ ಶಾಲೆಗೆ ಹೋಗಲಿ.